ಟಿಕೀಟು ಇಟ್ಟ ಪುಟ

ಮ್ಯಾಕರೋನಿ ಬೆಂದ ನೀರು ಬಸಿಯಲು ಪಾತ್ರೆ ಬಗ್ಗಿಸಿದ ಇನ್‌ಸಾಫ್ ಹಾಗೇ ನಿಂತುಬಿಟ್ಟಳು. ಅದಕ್ಕೆ ಮುಂಚೆ ಹೇಳಬೇಕಾದ ಮಾತೊಂದಿತ್ತು. ಬಿಸಿನೀರನ್ನು ಮೋರಿಗೆ ಚೆಲ್ಲುವ ಮುಂಚೆ ‘ದಸ್ತೂರ್’ ಅನ್ನಬೇಕು, ಕೆಳಗೆ ಮೋರಿಯಲ್ಲಿ ವಾಸವಾಗಿರುವ ದೆವ್ವಗಳ ಅಪ್ಪಣೆ ಕೇಳಬೇಕು, ಇಲ್ಲದಿದ್ದರೆ ಅವರ ಮಕ್ಕಳುಮರಿ ಮೈ ಸುಟ್ಟುಕೊಂಡು ಮನೆಯವರಿಗೆ ಶಾಪ ಹಾಕುತ್ತವೆ ಎಂದು ಅಮ್ಮ ಕಲಿಸಿದ್ದಳು. ಬಾಕೂಸ್ ಬಡಾವಣೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಪಾಠ ಮಾಡುತ್ತ, ಮೋರಿಯಲ್ಲಿ ಜಿರಳೆ ಬಿಟ್ಟು ಇನ್ಯಾರೂ ಇರುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆದು ಬಂದ ದಿನವೂ ಮನೆಗೆ ಬಂದು ಅವಳು ‘ದಸ್ತೂರ್’ ಎಂದೇ ನೀರು ಚೆಲ್ಲಿದ್ದಳು. ಯಾರಿಗೆ ಬೇಕು ಇಲ್ಲದ ಉಸಾಬರಿ. ಆದರೆ ಈಗ ಆ ಮಾತು ನಾಲಿಗೆಯ ತುದಿಗೆ ಬಂದರೆ ಅದರ ಬೆನ್ನಿಗೇ ನಗುವೂ ಬರುತ್ತಿತ್ತು. ಗಂಡ ತೀರಿಹೋಗಿ ನಲವತ್ತು ದಿನ ಇನ್ನೂ ತುಂಬದ ಮನೆಯಲ್ಲಿ, ಕಪ್ಪು ಬಟ್ಟೆ ಉಟ್ಟುಕೊಂಡು, ಸಿಂಕಿನ ಮುಂದೆ ನಿಂತು ನಗುವ ಹೆಂಗಸು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹಬೆ ಮುಖಕ್ಕೆ ಹೊಡೆದು ಕನ್ನಡಕ ಮಂಜಾದಾಗ ‘ದಸ್ತೂರ್’ ಎಂದು ಗದರಿಸುವ ಹಾಗೆ ಹೇಳಿ ನೀರು ಚೆಲ್ಲಿದಳು.

“ಯಾರ ಹತ್ರ ಮಾತಾಡ್ತಿದೀಯೇ?” ಪಡಸಾಲೆಯಿಂದ ಬಹೀಗಾಳ ದನಿ ಬಂತು. ಬಹೀಗಾ ತೀರಿಹೋದ ಹಿಲ್ಮಿಯ ಅಕ್ಕ. ಸಾವಿನ ದಿನದಿಂದಲೂ ಬೆಳಗಾದರೆ ಬಂದು ಕೂತು, ಸಂಜೆಯ ಟ್ರಾಮಿಗೆ ವಾಪಸು ಹೋಗುತ್ತಿದ್ದಳು.

“ಯಾರ ಹತ್ರಾನೂ ಇಲ್ಲ. ನೀರು ಚೆಲ್ದೆ.”

“ನಾಳೆ ನಲವತ್ತು. ಅಷ್ಟು ಹೆಂಗಸರ ಮುಂದೆ ಒಂದು ಹನಿ ಕಣ್ಣೀರು ಬರದೇ ಹೋದ್ರೆ ನನ್ನ ಮುಖ ಎಲ್ಲಿಡ್ಲಿ? ಹೋದ ಗುರುವಾರ ಆ ಮೇಲ್ಮನೆಯವಳು ಕೇಳೇಬಿಟ್ಳು, ಅಬ್ಲಾ ಇನ್‌ಸಾಫ್‌ಗೆ ಕಣ್ಣಿಗೆ ಔಷಧಿ ಬಿಡ್ತಿದೀರಾ ಅಂತ. ಒಣಗಿದಾವಂತೆ.”

ಶಾಲೆಯಲ್ಲಷ್ಟೇ ಅಲ್ಲ, ಓಣಿಗೆಲ್ಲ ಅವಳು ಅಬ್ಲಾ, ಟೀಚರಕ್ಕ. ಅಳು ಬಂದಿರಲಿಲ್ಲ, ನಿಜ. ಕೈಗೆ ಬಂದದ್ದು ಒಂದು ಪುಸ್ತಕ. ಹಾಸಿಗೆಯ ಅಡಿಯಲ್ಲಿ, ಹಿಲ್ಮಿ ಮಲಗುತ್ತಿದ್ದ ಕಡೆ, ಅಂಗೈಯಗಲದ ಒಂದು ಸುಕ್ಕುಗಟ್ಟಿದ ಪುಸ್ತಕ: ‘ಬಚ್ಚಲ ಮೋರಿಯ ಇಫ್ರೀತ್’. ರಟ್ಟಿನ ಮೇಲೆ ಹಸಿರು ಹೊಗೆಯ ನಡುವೆ ಕೋಡಿರುವ ದೆವ್ವವೊಂದು ಟವೆಲು ಸುತ್ತಿಕೊಂಡು ನಿಂತಿದೆ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬರುವಾಗ ಹಿಲ್ಮಿ ಕೆಳಗೆ ರಸ್ತೆಯ ಮೂಲೆಯಲ್ಲಿ ಪೇಪರು, ಹಳೇ ಪುಸ್ತಕ ಹರಡಿಕೊಂಡು ಕೂರುವ ಹಾಜಿ ಗಾಬಿರನ ಹತ್ತಿರ ನಿಲ್ಲುತ್ತಿದ್ದ; ಓದಿದ್ದನ್ನು ಕೊಟ್ಟು ಓದದ್ದನ್ನು ತರುತ್ತಿದ್ದ. ದೆವ್ವದ ಕಥೆಗಳು, ಅದರಲ್ಲೂ ನಗಿಸುವ ದೆವ್ವದ ಕಥೆಗಳು. ಬಂದರಿನ ಕಚೇರಿಯಲ್ಲಿ ಮೇಜು ಕುರ್ಚಿ ಹಾಕಿಕೊಂಡು ಕೂತಿದ್ದ ಮನುಷ್ಯ ಓದುವಂಥದ್ದೇ ಅದು? ಆಮೇಲೆ ಒಳಗೆ ಮಂಚದ ಮೇಲೆ ಉರುಳಿಕೊಂಡು ಒಬ್ಬನೇ ನಗುತ್ತಿದ್ದ. ಮಂಚದ ಸ್ಪ್ರಿಂಗು ಕಿರುಗುಡುತ್ತಿತ್ತು. ಮದುವೆಯಾದ ಹೊಸತರಲ್ಲಿ ಆ ಸದ್ದು ಕೇಳಿ ಅವಳು ಕನ್ನಡಿಯ ಮುಂದೆ ಹೋಗಿ ನಿಂತಿದ್ದಳು, ತನ್ನ ಮುಖದಲ್ಲಿ ಏನಾದರೂ ಇದೆಯೋ ಎಂದು. ಆಮೇಲಾಮೇಲೆ ಕಿವಿ ಒಗ್ಗಿಹೋಯಿತು. ಯಾವುದಕ್ಕೆ ನಗುತ್ತೀರಿ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾನು ಎಂಬ ಹೆದರಿಕೆಯೂ ಇತ್ತೇನೋ. ತರಗತಿಯಲ್ಲಿ ಕಿಸಕ್ಕೆಂದ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸುವುದೇ ಅವಳ ದಿನಚರಿಯಾಗಿತ್ತು. ಒಮ್ಮೆ ಒಬ್ಬಳು ನಿಂತಲ್ಲೇ ನಗುತ್ತ ಹೋದಳು, ಕಣ್ಣಲ್ಲಿ ನೀರು ಸುರಿಸುತ್ತ, “ಗೊತ್ತಿಲ್ಲ ಅಬ್ಲಾ, ನಿಲ್ತಾ ಇಲ್ಲ ಅಬ್ಲಾ” ಎಂದು ಗೋಗರೆಯುತ್ತ. ಇನ್‌ಸಾಫ್ ಅವಳ ಕಿವಿ ಹಿಂಡಿ ಹೊರಗೆ ಕಳಿಸಿದ್ದಳು. ಆ ಹುಡುಗಿಯ ಹೆಸರು ಮರೆತುಹೋಗಿದೆ, ಬಿಸಿಯಾಗಿದ್ದ ಕಿವಿ ಮಾತ್ರ ಬೆರಳಿಗೆ ಇನ್ನೂ ನೆನಪಿದೆ.

ಅವತ್ತೂ ಹೀಗೇ ಮಧ್ಯಾಹ್ನ. ಅವಳು ಮುಲೂಖಿಯಾ ಸೊಪ್ಪು ಕೊಚ್ಚುತ್ತಿದ್ದಳು. ಒಗ್ಗರಣೆಗೆ ಬೆಳ್ಳುಳ್ಳಿ ಸುಲಿಯಬೇಕಿತ್ತು, ಕಾಲು ಬಾತುಕೊಂಡಿತ್ತು, ಗ್ಯಾಸು ಯಾವಾಗ ಮುಗಿಯುತ್ತದೋ ಎಂಬ ಚಿಂತೆ ಬೇರೆ. ಒಳಗಿನಿಂದ ನಗು ಶುರುವಾಯಿತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ನಿಂತಿತು ಎನ್ನುವಷ್ಟರಲ್ಲಿ ಮತ್ತೆ. ಇನ್‌ಸಾಫ್ ತಿರುಗಿಯೂ ನೋಡದೆ ಕೂಗಿದಳು: “ಸಾಕು ನಿಲ್ಸಿ! ಅಕ್ಕಪಕ್ಕದವರು ಇದೇನು ಹುಚ್ಚರ ಮನೆನಾ ಅಂದ್ಕೋತಾರೆ!” ಒಂದು ಕ್ಷಣ ಸದ್ದಡಗಿತು. ಆಮೇಲೆ ಅವಳು ಅವನಿಂದ ಯಾವತ್ತೂ ಕೇಳಿರದಷ್ಟು ದೊಡ್ಡ ನಗು, ಗೋಡೆ ಬಡಿದುಕೊಂಡು ನಕ್ಕ ಹಾಗೆ. ಅದೂ ನಿಂತ ಮೇಲೆ ಚಪ್ಪಲಿಯ ಸದ್ದು. ಅಡುಗೆಮನೆಯ ಬಾಗಿಲಲ್ಲಿ ಹಿಲ್ಮಿ ನಿಂತಿದ್ದ, ಪೈಜಾಮದಲ್ಲಿ, ಎರಡೂ ಕೈ ಹೊಟ್ಟೆಯ ಮುಂದೆ ಕಟ್ಟಿಕೊಂಡು, ಆಳಿನ ಹಾಗೆ ತಲೆ ಬಗ್ಗಿಸಿ.

“ಬೆಳ್ಳುಳ್ಳಿ ಸುಲಿದು ಕೊಡ್ಲಾ, ಯಜಮಾನ್ತಿ?” ಎಂದ.

ಅಷ್ಟು ವರ್ಷದ ಸಂಸಾರದಲ್ಲಿ ಒಂದು ಈರುಳ್ಳಿಯನ್ನೂ ಮುಟ್ಟದ ಗಂಡಸು. ಅವಳಿಗೆ ಮೈಯೆಲ್ಲ ಉರಿದುಹೋಯಿತು. “ನನ್ನ ತಲೆ ತಿಂದಿದ್ದು ಸಾಲದಾ? ಹೋಗಿ, ಕಾಫಿ ಅಂಗಡಿಗಾದ್ರೂ ಹೋಗಿ ಬಿದ್ಕೊಳ್ಳಿ,” ಎಂದಳು. ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಏನನ್ನೋ ಕಾಯುತ್ತಿರುವವನ ಹಾಗೆ. ಆಮೇಲೆ ಬಟ್ಟೆ ಹಾಕಿಕೊಂಡು ಇಳಿದು ಹೋದ. ಮುಲೂಖಿಯಾ ಒಲೆಯಿಂದ ಇಳಿಯುವ ಮೊದಲೇ ಕೆಳಗಿನಿಂದ ಜನ ಓಡಿ ಬಂದರು. ಪಗಡೆಯ ದಾಳ ಕೈಯಲ್ಲೇ ಇತ್ತಂತೆ. ಮುಖದಲ್ಲಿ ನಗು ಇನ್ನೂ ಹಾಗೇ ಇತ್ತು.

ಮಾರನೆಯ ದಿನ ಬಹೀಗಾ ತಬ್ಬಿಕೊಂಡು, ಕೊನೇಗೆ ಏನಂದ, ಏನಾದ್ರೂ ಅಂದ್ನಾ ಎಂದು ಕೇಳಿದಾಗ ಇನ್‌ಸಾಫ್ ಬೆಳ್ಳುಳ್ಳಿಯ ಮಾತು ಹೇಳಿದಳು. ಅದಕ್ಕೆ ನೀನೇನಂದೆ ಎಂದು ಕೇಳಿದಾಗ, “ಬೇಡ, ನಾನೇ ಸುಲೀತೀನಿ, ನೀವು ಆರಾಮಾಗಿ ಕೂತ್ಕೊಳ್ಳಿ ಅಂದೆ,” ಎಂದಳು. ಸುಳ್ಳು ತಾನೇತಾನಾಗಿ ಬಂತು, ನುಣ್ಣಗೆ. ಬಹೀಗಾ ಎದೆ ಬಡಿದುಕೊಂಡಳು. ತನ್ನ ತಮ್ಮನಿಗೆ ಮುಂಚೆಯೇ ತಿಳಿದಿತ್ತು. ಹೊರಡುವ ಹೊತ್ತಾಯಿತೆಂದು ದೇವದೂತರು ಕಿವಿಯಲ್ಲಿ ಹೇಳಿದ್ದಕ್ಕೇ ಅವನು ಹೆಂಡತಿಯ ಋಣ ತೀರಿಸಲು ಅಡುಗೆಮನೆಗೆ ಹೋದ. ಸತ್ತ ಮುಖದಲ್ಲಿ ಆ ನಗು ಬಂದದ್ದಾದರೂ ಎಲ್ಲಿಂದ? ಗುರುವಾರದಿಂದ ಗುರುವಾರಕ್ಕೆ, ಸಂತಾಪಕ್ಕೆ ಬಂದ ಹೆಂಗಸರ ಮುಂದೆ ಆ ಕಥೆ ಬೆಳೆಯುತ್ತ ಹೋಯಿತು. ಇನ್‌ಸಾಫ್ ತಲೆ ತಗ್ಗಿಸಿ ಕೂತು ಕೇಳುತ್ತಿದ್ದಳು. ತನ್ನ ಗಂಡ ಸಾಯುವ ಮುನ್ನ ತನ್ನಿಂದ ಏನನ್ನೋ ಬೇಡಿಕೊಂಡು ಬಂದ, ತಾನು ಅವನನ್ನು ನಾಯಿಯ ಹಾಗೆ ಅಟ್ಟಿದೆ. ಅವಳಿಗೆ ಗೊತ್ತಿದ್ದದ್ದು ಇಷ್ಟೇ.

ಪುಸ್ತಕ ಹಾಸಿಗೆಯ ಅಡಿ ಸಿಕ್ಕಿದ್ದು ಆಮೇಲೆ. ಮಧ್ಯೆ ಟ್ರಾಮಿನ ಟಿಕೀಟೊಂದು ಗುರುತಿಗೆ ಇತ್ತು. ಕಡೆಯ ಮಧ್ಯಾಹ್ನ ಯಾವ ಸಾಲಿಗೆ ನಕ್ಕನೋ ಅದೊಂದನ್ನು ನೋಡಿ ಇಟ್ಟುಬಿಡೋಣ ಎಂದು ತೆಗೆದವಳು ಮೊದಲ ಪುಟದಿಂದ ಓದಿದಳು. ಕರ್ಕೂರ್ ಎಂಬ ಇಫ್ರೀತ್ ಮೂರು ಸಾವಿರ ವರ್ಷಗಳಿಂದ ಒಂದು ಬಚ್ಚಲ ಮೋರಿಯಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದ್ದಾನೆ. ಮೇಲಿನ ಮನೆಗೆ ಹೊಸದಾಗಿ ಬಂದ ಹೆಂಗಸು ‘ದಸ್ತೂರ್’ ಎನ್ನದೆ ಮ್ಯಾಕರೋನಿ ನೀರು ಸುರಿಯುತ್ತಾಳೆ. ಬೆನ್ನು ಬೊಬ್ಬೆಯೆದ್ದ ಕರ್ಕೂರ್ ಸೇಡು ತೀರಿಸಿಕೊಳ್ಳಲು ಮೇಲೆ ಬಂದರೆ ಬಚ್ಚಲಿನ ಹೊರಗೆ ಮಕ್ಕಳು ಸಾಲು ನಿಂತು, “ಬೇಗ ಬನ್ನಿ ಅಪ್ಪಾ, ಸ್ಕೂಲಿಗೆ ಹೊತ್ತಾಯ್ತು,” ಎಂದು ಬಾಗಿಲು ಬಡಿಯುತ್ತಾರೆ. ಅಲ್ಲಿಗೇ ಇನ್‌ಸಾಫ್‌ಗೆ ಮೂಗಿನಲ್ಲಿ ಸೊರ್ರೆಂದು ನಗು ಬಂತು. ಅವಳು ಬೆಚ್ಚಿಬಿದ್ದಳು. ಅದು ಹಿಲ್ಮಿಯದೇ ಸದ್ದು. ಹೀಗೆ ನಗುತ್ತ, ನಕ್ಕದ್ದಕ್ಕೆ ದೇವರ ಕ್ಷಮೆ ಬೇಡಿ ಅಸ್ತಗ್‌ಫಿರುಲ್ಲಾ ಅನ್ನುತ್ತ, ಟಿಕೀಟು ಇದ್ದ ಪುಟಕ್ಕೆ ಬಂದಳು. ಅಲ್ಲಿ ಕರ್ಕೂರ್ ಮನೆಯನ್ನು ನಡುಗಿಸಿಯೇ ತೀರುತ್ತೇನೆಂದು ತನ್ನ ಪ್ರಖ್ಯಾತ ಅಟ್ಟಹಾಸ ಮಾಡುತ್ತಾನೆ, ಹಿಂದೆ ಒಮ್ಮೆ ಪರ್ವತ ಸೀಳಿದ ಅಟ್ಟಹಾಸ. ಒಳಗಿರುವುದು ತನ್ನ ಗಂಡ ಎಂದುಕೊಂಡ ಮನೆಯಾಕೆ ಅಡುಗೆಮನೆಯಿಂದಲೇ, ತಿರುಗಿಯೂ ನೋಡದೆ ಕೂಗುತ್ತಾಳೆ: “ಸಾಕು ನಿಲ್ಸಿ! ಅಕ್ಕಪಕ್ಕದವರು ಏನಂದ್ಕೋತಾರೆ!” ಪುಟ ಅಲ್ಲಿಗೆ ಮುಗಿಯುತ್ತದೆ. ಇನ್‌ಸಾಫ್ ಅದನ್ನು ಮತ್ತೆ ಮತ್ತೆ ಓದಿದಳು. ನಗುವಂಥದ್ದೇನೂ ಕಾಣಲಿಲ್ಲ. ಆ ಹೆಂಗಸು ಹೇಳಿದ್ದು ಸರಿಯಾಗಿಯೇ ಇದೆಯಲ್ಲ? ನಾಲ್ಕು ಜನ ಇರುವ ಕಟ್ಟಡದಲ್ಲಿ ಹಾಗೆ ಅಬ್ಬರಿಸಿದರೆ ಯಾರು ತಾನೇ ಸುಮ್ಮನಿರುತ್ತಾರೆ? ತಾನೂ ಅದನ್ನೇ ಹೇಳಿದ್ದು. ಪುಟ ತಿರುವಲು ಮಾತ್ರ ಕೈ ಬರಲಿಲ್ಲ. ಅವನು ನಿಂತದ್ದು ಇಲ್ಲಿ. ಇಲ್ಲಿಂದ ಮುಂದೆ ಅವನಿಲ್ಲ. ತಾನು ಟಿಕೀಟು ದಾಟಿ ಹೋದರೆ ಅವನನ್ನು ಅರ್ಧ ದಾರಿಯಲ್ಲಿ ಇಳಿಸಿ ಹೋದಂತೆ ಎನಿಸಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಅಲ್ಲಿಂದ ದಿನವೂ ಇದೇ ಆಯಿತು, ಗಾಣದ ಎತ್ತಿನ ಹಾಗೆ.

ಗುರುವಾರ ಬೆಳಿಗ್ಗೆ ಇನ್‌ಸಾಫಳನ್ನು ಮನೆಯಲ್ಲೇ ಬಿಟ್ಟು ಬಹೀಗಾ ಮತ್ತು ನೆಂಟರು ಗೋರಿಗೆ ಹೋಗಿ ಶುರೈಕ್ ಬ್ರೆಡ್ಡು, ಖರ್ಜೂರ ಹಂಚಿ ಬಂದರು. ಮಧ್ಯಾಹ್ನಕ್ಕೆ ಪಡಸಾಲೆಯ ತುಂಬ ಕಪ್ಪು ಬಟ್ಟೆಯ ಹೆಂಗಸರು. ಟೇಪಿನಲ್ಲಿ ಕುರಾನು, ಕೈಯಲ್ಲಿ ಸಕ್ಕರೆ ಹಾಕದ ಕಾಫಿ, ಎಲ್ಲರ ಕಣ್ಣೂ ಇನ್‌ಸಾಫಳ ಕಣ್ಣಿನ ಮೇಲೆ. ಅವಳು ಅಳಲು ಪ್ರಯತ್ನಪಟ್ಟಳು. ಬಾತ ಕಾಲನ್ನು ನೆನೆದಳು, ಖಾಲಿ ಮಂಚವನ್ನು ನೆನೆದಳು. ಮಂಚವೆಂದರೆ ಸ್ಪ್ರಿಂಗು, ಸ್ಪ್ರಿಂಗೆಂದರೆ ನಗು. ಮೇಲ್ಮನೆಯವಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದ್ದು ಕಾಣಿಸಿತು. ಮುಖ ತೊಳೆದುಕೊಂಡು ಬರುತ್ತೇನೆಂದು ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಪುಸ್ತಕ ನಿಲುವಂಗಿಯ ಜೇಬಿನಲ್ಲಿತ್ತು. ಯಾಕೆ ಇಟ್ಟುಕೊಂಡಿದ್ದಳೋ. ಒಬ್ಬಳೇ ಅಷ್ಟು ಜನರ ಎದುರು ಕೂರಲು ಧೈರ್ಯ ಬಂದಿರಲಿಲ್ಲ, ಅಷ್ಟೇ. ತೊಟ್ಟಿಯ ಅಂಚಿನ ಮೇಲೆ ಕೂತು ಅದೇ ಪುಟ ತೆಗೆದಳು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು: “ಅಬ್ಲಾ, ಹುಷಾರಾಗಿದೀರಾ?” ಥಟ್ಟನೆ ತಿರುಗಿದ್ದಕ್ಕೆ ಟಿಕೀಟು ಜಾರಿತು. ಒದ್ದೆ ನೆಲದ ಮೇಲೆ ತೇಲಿ, ಅವಳು ಬಗ್ಗುವುದರೊಳಗೆ ಮೋರಿಯ ಜಾಲರಿಯಲ್ಲಿ ಇಳಿದುಹೋಯಿತು. ಪುಸ್ತಕ ಮುಚ್ಚಿಕೊಂಡಿತು. ಪುಟ ಕಳೆದುಹೋಯಿತು ಎಂದು ಗಾಬರಿಯಾಗಿ ಹಾಳೆಗಳನ್ನು ಹಿಂದೆ ಮುಂದೆ ತಿರುವಿದಳು. ಕಣ್ಣಿಗೆ ಬಿದ್ದದ್ದು ಒಂದು ಶಬ್ದ. ಬೆಳ್ಳುಳ್ಳಿ.

ಮೂರು ಸಾವಿರ ವರ್ಷಗಳಲ್ಲಿ ಕರ್ಕೂರನಿಗೆ ಯಾರೂ ‘ನಿಲ್ಸಿ’ ಎಂದಿರಲಿಲ್ಲ. ಸುಲ್ತಾನರು ಮೂರ್ಛೆ ಹೋಗಿದ್ದರು, ಸೈನ್ಯಗಳು ಓಡಿದ್ದವು. ಈ ಹೆಂಗಸು ತಿರುಗಿಯೂ ನೋಡಲಿಲ್ಲ. ಅವನು ತನ್ನ ಕೋಡುಗಳನ್ನು ಬಾಗಿಲಿಗೆ ತಗುಲದಂತೆ ಬಗ್ಗಿಸಿ, ಎರಡೂ ಕೈ ಹೊಟ್ಟೆಯ ಮುಂದೆ ಕಟ್ಟಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದ: “ಬೆಳ್ಳುಳ್ಳಿ ಸುಲಿದು ಕೊಡ್ಲಾ, ಯಜಮಾನ್ತಿ?”

ಇನ್‌ಸಾಫ್ ಅದನ್ನು ಒಮ್ಮೆ ಓದಿದಳು. ಎರಡನೆಯ ಸಲ ಓದಬೇಕಾಗಿರಲಿಲ್ಲ. ದೇವದೂತರೂ ಇಲ್ಲ, ಋಣವೂ ಇಲ್ಲ, ಸಾವಿನ ಸುಳಿವೂ ಇಲ್ಲ. ಅವನು ಇದರ ಹಿಂದಿನ ಪುಟ ಓದುತ್ತಿದ್ದ, ಅಷ್ಟರಲ್ಲಿ ಅವಳು ಅಡುಗೆಮನೆಯಿಂದ ಆ ಪುಟದ ಮಾತನ್ನೇ ಕೂಗಿದಳು. ಅವನು ಗೋಡೆ ಬಡಿದು ನಕ್ಕ; ಪುಟ ತಿರುವಿ ಬೆಳ್ಳುಳ್ಳಿಯ ಸಾಲು ಓದಿ, ಅವಳ ಮಾತಿದ್ದ ಪುಟಕ್ಕೇ ಟಿಕೀಟು ಇಟ್ಟ. ನಕ್ಕು ಸಾಲದೆ ಎದ್ದು ಬಂದು ಅವಳ ಮುಂದೆ ಇಫ್ರೀತನಾಗಿ ನಿಂತ. ಅಷ್ಟು ವರ್ಷ ಒಬ್ಬನೇ ನಕ್ಕವನು ಅವತ್ತು ತನ್ನ ನಗುವನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲ ತನಕ ಬಂದಿದ್ದ. ‘ಏನ್ರೀ ಇದು’ ಎಂದು ಒಂದೇ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದ. ಕಾಯುತ್ತಿದ್ದದ್ದು ಅದಕ್ಕೆ. ಅವಳು ಪುಸ್ತಕವನ್ನು ಜೇಬಿಗೆ ತುರುಕಿಕೊಂಡು, ಮುಖಕ್ಕೆ ನೀರು ಎರಚಿಕೊಂಡು ಹೊರಗೆ ಬಂದು ತನ್ನ ಜಾಗದಲ್ಲಿ ಕೂತಳು.

ಬಹೀಗಾ ಅಷ್ಟರಲ್ಲಿ ಕಥೆಯ ಮಧ್ಯಕ್ಕೆ ಬಂದಿದ್ದಳು. “...ಅಡುಗೆಮನೆ ತುಂಬಾ ಬೆಳಕು ಅಂತೆ ಕಣ್ರೇ. ನನ್ನ ತಮ್ಮ ಹೀಗೆ, ನೋಡಿ ಹೀಗೆ, ನಮಾಜಿಗೆ ನಿಂತ ಹಾಗೆ ಕೈ ಕಟ್ಕೊಂಡು ನಿಂತಿದ್ನಂತೆ. ಕಣ್ಣಲ್ಲಿ ನೀರು. ಬೆಳ್ಳುಳ್ಳಿ ಸುಲಿದು ಕೊಡ್ಲಾ ಅಂತ ಕೇಳಿದ್ನಂತೆ ಮಹಾರಾಯ—”

“ಅಲ್ಲಾಹ್, ಅಲ್ಲಾಹ್,” ಎಂದರು ಹೆಂಗಸರು.

ಇನ್‌ಸಾಫ್‌ಗೆ ಕೋಡು ಕಾಣಿಸಿತು. ಹಿಲ್ಮಿಯ ಬೋಳು ತಲೆಯ ಮೇಲೆ ಎರಡು ಕೋಡು, ಸೊಂಟಕ್ಕೆ ಟವೆಲು. ಮೂಗಿನಲ್ಲಿ ಸೊರ್ರೆಂದಿತು. ಕರ್ಚೀಫನ್ನು ಬಾಯಿಗೆ ಒತ್ತಿ ಹಿಡಿದಳು. ಅದು ಕೆಳಗಿಳಿದು ಹೊಟ್ಟೆಯಿಂದ ಎದ್ದು ಬಂತು. ಭುಜ ಕುಣಿಯತೊಡಗಿತು, ತಲೆ ಮೊಣಕಾಲಿಗೆ ತಾಗುವಷ್ಟು ಬಗ್ಗಿದಳು, ನಿಲ್ಲಲಿಲ್ಲ. ನಿಲ್ತಾ ಇಲ್ಲ ಅಬ್ಲಾ, ಗೊತ್ತಿಲ್ಲ ಅಬ್ಲಾ. ಯಾರೋ ಟೇಪು ನಿಲ್ಲಿಸಿದರು. “ಬಂತು, ಅಳು ಬಂತು, ಬಿಡಿ, ಅತ್ತುಬಿಡಲಿ!” ಎಂದು ಮೇಲ್ಮನೆಯವಳು ತಾನೇ ಗೊಳೋ ಎಂದಳು. ಬಹೀಗಾ ಓಡಿ ಬಂದು ಅವಳನ್ನು ಎದೆಗೆ ಅವುಚಿಕೊಂಡು, “ಅಳು ತಂಗಿ ಅಳು, ನಾನಿದೀನಿ,” ಎಂದು ಬೆನ್ನು ಸವರತೊಡಗಿದಳು. ಆ ಕಪ್ಪು ಬಟ್ಟೆಯ ಕರ್ಪೂರದ ವಾಸನೆಯಲ್ಲಿ ಮುಖ ಹುದುಗಿಸಿ ನಗುತ್ತಿದ್ದ ಇನ್‌ಸಾಫ್‌ಗೆ ಯಾವಾಗಲೋ ಬಾಯಲ್ಲಿ ಉಪ್ಪು ತಾಗಿತು. ತಾನು ಈಗ ಏನು ಮಾಡುತ್ತಿದ್ದೇನೆಂದು ಅವಳಿಗೂ ತಿಳಿಯಲಿಲ್ಲ.

ಎಲ್ಲರೂ ಹೋದ ಮೇಲೆ ಬಹೀಗಾ ಕಪ್ಪುಗಳನ್ನು ತೊಳೆಯುತ್ತ, “ಹಗುರಾಯ್ತಾ?” ಎಂದು ಕೇಳಿದಳು. ದನಿಯಲ್ಲಿ ಕೊಂಕಿರಲಿಲ್ಲ. ಹೇಳಿಬಿಡಬೇಕೆಂದು ಇನ್‌ಸಾಫ್ ಬಾಯಿ ತೆರೆದಳು. ಆ ಮುದುಕಿ ತಮ್ಮನ ಬೆಳ್ಳುಳ್ಳಿಯನ್ನೇ ಹಿಡಿದುಕೊಂಡು ನಲವತ್ತು ದಿನ ನಿಂತಿದ್ದಾಳೆ. ಅದನ್ನೂ ಕಿತ್ತುಕೊಂಡರೆ ಅವಳಿಗೆ ಉಳಿಯುವುದೇನು? “ಹೂಂ, ಹಗುರಾಯ್ತು,” ಎಂದಳು. ಅದು ಮಾತ್ರ ಸುಳ್ಳಾಗಿರಲಿಲ್ಲ.

ಶುಕ್ರವಾರ ಕೂತ ಕಡೆಯೇ ಕೂತು ಪುಸ್ತಕ ಮುಗಿಸಿದಳು. ಕೊನೆಯಲ್ಲಿ ಕರ್ಕೂರನಿಗೆ ಆ ಮನೆಯಿಂದ ಬಿಡುಗಡೆ ಸಿಗುತ್ತದೆ. ಆದರೆ ಬೈಯುವವರಿಲ್ಲದ ಮರುಭೂಮಿಯಲ್ಲಿ ನಿದ್ದೆ ಬಾರದೆ ಅವನು ಮತ್ತೆ ಅದೇ ಮೋರಿಗೆ ಬಂದು ಮಲಗುತ್ತಾನೆ. ಪುಸ್ತಕ ಮುಚ್ಚಿದ ಮೇಲೆ ಕೈ ಸುಮ್ಮನಿರಲಿಲ್ಲ. ಮನೆಯೆಲ್ಲ ಹುಡುಕಿದಳು. ಹಿಲ್ಮಿ ಓದಿದ್ದೆಲ್ಲ ಗಾಬಿರನ ಹತ್ತಿರ ವಾಪಸು ಹೋಗಿತ್ತು; ಅವನ ಅಷ್ಟೂ ವರ್ಷದ ನಗುವಿನಲ್ಲಿ ಮನೆಯಲ್ಲಿ ಉಳಿದದ್ದು ಇದೊಂದೇ. ಕಪಾಟಿನಲ್ಲಿ ತನ್ನ ವಿಜ್ಞಾನದ ಪುಸ್ತಕಗಳಿದ್ದವು, ತೆಗೆದು ನೋಡಿ ಇಟ್ಟಳು. ಕೂತಳು, ಎದ್ದಳು, ಮೋರಿಯ ಜಾಲರಿಯನ್ನು ಎತ್ತಿ ಇಣುಕಿ ನೋಡಿದಳು. ಶನಿವಾರದ ಹೊತ್ತಿಗೆ ತಡೆಯಲಾಗಲಿಲ್ಲ. ಇದ್ದತ್ತಿನಲ್ಲಿರುವ, ಅಂದರೆ ಗಂಡ ಸತ್ತು ನಾಲ್ಕು ತಿಂಗಳು ಹತ್ತು ದಿನ ಕಳೆಯದ ಹೆಂಗಸು ರಸ್ತೆಗೆ ಇಳಿಯುವಂತಿಲ್ಲ. ಬಾಲ್ಕನಿಯಿಂದ ಬುಟ್ಟಿ ಇಳಿಬಿಡಲು ಯಾರ ಅಡ್ಡಿಯೂ ಇಲ್ಲ. ಬ್ರೆಡ್ಡು, ತರಕಾರಿ ಹಾಗೇ ಬರುತ್ತಿತ್ತು. ಹಗ್ಗ ಬಿಟ್ಟು, “ಹಾಜಿ ಗಾಬಿರ್! ಓದೋಕೆ ಏನಾದ್ರೂ ಹಾಕಿ,” ಎಂದಳು. ಹಿಂದೆ ಬಹೀಗಾ ಕುರ್ಚಿಯ ಮೇಲೆ ಬೀನ್ಸು ಬಿಡಿಸುತ್ತಿದ್ದಳು.

ಬುಟ್ಟಿಯಲ್ಲಿ ಬಂದದ್ದು ‘ಗೋರಿಯೊಳಗಿನ ಯಾತನೆಗಳು’. ವಿಧವೆಗೆ ಇನ್ನೇನು ಕಳಿಸುತ್ತಾನೆ ಪಾಪ. ಇನ್‌ಸಾಫ್ ಅದನ್ನು ಹಾಗೇ ಕೆಳಗಿಳಿಸಿದಳು.

“ಇದಲ್ಲ ಹಾಜಿ.”

“ಮತ್ತೆ ಯಾವ ಥರದ್ದು ಅಬ್ಲಾ? ಜೋರಾಗಿ ಹೇಳಿ, ಟ್ರಾಮು ಬರ್ತಿದೆ!”

ಟ್ರಾಮು ಹಾದುಹೋಯಿತು. ಇಸ್ತ್ರಿಯವನು, ಕಾಫಿ ಅಂಗಡಿಯ ಗಿರಾಕಿಗಳು, ಮೇಲ್ಮನೆಯವಳು ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದ ಹಾಗಿತ್ತು. ಕಿವಿ ಬಿಸಿಯಾಯಿತು. ಯಾರೋ ಹಿಂಡಿದ ಹಾಗೆ.

“ನಗಿಸೋದು!” ಎಂದು ಕೂಗಿದಳು. “ದೆವ್ವದ್ದು! ನಗಿಸೋ ದೆವ್ವದ್ದು!”

“ಮೆಲ್ಲಗೆ ಹೇಳೇ,” ಎಂದು ಬಹೀಗಾ ಅವಳ ತೋಳು ಜಗ್ಗಿದಳು. “ಅಕ್ಕಪಕ್ಕದವರು ಏನಂದ್ಕೋತಾರೆ!” ಇನ್‌ಸಾಫ್ ಆ ಮುದಿ ಮುಖವನ್ನು ನೋಡಿದಳು. ಈ ಸಲ ಕರ್ಚೀಫು ಹುಡುಕಲಿಲ್ಲ. ಬಾಲ್ಕನಿಯ ಕಂಬಿ ಹಿಡಿದುಕೊಂಡು, ಕೆಳಗಿನವರೆಲ್ಲ ಕೇಳುವ ಹಾಗೆ ನಕ್ಕಳು.

ಹಾಜಿ ಗಾಬಿರ್ ಬುಟ್ಟಿ ಹಿಡಿದುಕೊಂಡು ಮೇಲೆ ನೋಡಿದ. ಅವನ ಮುಖದಲ್ಲೂ ನಗು ಹರಡಿತ್ತು. “ಉಸ್ತಾದ್ ಹಿಲ್ಮಿಯವರ ಥರದ್ದಾ ಅಬ್ಲಾ? ಆ ಪುಸ್ತಕ ಅವರ ಹತ್ರಾನೇ ಉಳಿದಿತ್ತು, ಅದನ್ನ ವಾಪಸು ಹಾಕ್ತೀರಾ?”

“ಅದು ಕೊಡಲ್ಲ. ಅದು ನಮ್ಮನೇಲೇ ಇರುತ್ತೆ.”

“ಆಗ್ಲಿ ಬಿಡಿ. ಅವರು ಓದಿ ಕೊಟ್ಟಿದ್ದೆಲ್ಲ ಈ ಪೆಟ್ಟಿಗೇಲೇ ಇದೆ, ಸಾಲು ಸಾಲಾಗಿ. ಅವರು ನೋಡದೇ ಇರೋವು ಹೊಸಾವು ಒಂದೆರಡು ಬಂದಿದಾವೆ. ಯಾವುದು ಹಾಕ್ಲಿ? ಅವರು ಓದಿರೋದಾ, ಓದದೇ ಇರೋದಾ?”

ಇನ್‌ಸಾಫ್ ಹಗ್ಗವನ್ನು ಕಂಬಿಗೆ ಒಂದು ಸುತ್ತು ಸುತ್ತಿದಳು. ಓದಿರೋದರಲ್ಲಿ ಅವನ ನಗುವೆಲ್ಲ ಕೂತಿದೆ; ಒಂದೊಂದೇ ಪುಟ ತಿರುವಿ, ಇಲ್ಲಿ ನಕ್ಕಿರಬೇಕು, ಇಲ್ಲಿ ನಕ್ಕಿರಬೇಕು ಎಂದು ಹುಡುಕುತ್ತ ಸಾಯುವ ತನಕ ಕಾಲ ಹಾಕಬಹುದು. ಅವಳಿಗೆ ಆಸೆಯಾಯಿತು. ಬಾಯಿಯ ತನಕ ಬಂತು. ಆದರೆ ಕಣ್ಣಿಗೆ ಕಟ್ಟಿದ್ದು ಆ ಹೊಸ್ತಿಲು, ಅಲ್ಲಿ ಕೈ ಕಟ್ಟಿಕೊಂಡು ನಿಂತವನು, ಈಗಲೂ ಅವಳು ಏನಾದರೂ ಹೇಳುತ್ತಾಳೆಂದು ಕಾಯುತ್ತಿರುವವನು.

“ಓದದೇ ಇರೋದು ಹಾಕಿ ಹಾಜಿ,” ಎಂದಳು. “ಓದಿರೋದನ್ನೇ ಅವರಿಗೆ ಹೇಳಿ ಏನು ಬಂತು?”